ಯಂತ್ರಚಿತ್ರವೂ ಹಾಸ್ಯರಸವೂ

ನಗುವುದು ಮನುಷ್ಯನಿಗೆ ಸ್ವಭಾವಸಿದ್ಧವಾದುದು. ನಗಿಸುವುದು ಮಾತ್ರ ವಿದ್ಯೆಯೆಂದು ನಮ್ಮ ಪೂರ್ವಿಕರು ಎಣಿಸಿದ್ದರು. ಆದಕಾರಣವೇ ಭರತಮುನಿಯು ಹಾಸ್ಯವನ್ನು ಎಂಟು ರಸಗಳ ಪಂಕ್ತಿಯಲ್ಲಿ ಕುಳ್ಳಿರಿಸಿ, ಅದಕ್ಕೆ ವಿಭಾವಗಳಾವುವು, ಅನುಭಾವಗಳಾವುವು, ಉತ್ತಮರ ನಗೆ ಯಾವುದು, ಅಧಮರ ನಗೆ ಯಾವುದು ಎಂಬುದನ್ನು ಶ್ರಮವಹಿಸಿ ವಿಂಗಡಿಸಿದನು. ಈಗ ಆ ವಿದ್ಯೆಗೆ ಹೊಸದೊಂದು ಉಪಕರಣವು ದೊರೆತಿದೆ. ಬೇಕಾದುದನ್ನು ನಾಲ್ಕು ಮಾತುಗಳಲ್ಲಿ ಬರೆದುಕೊಟ್ಟರೆ ಸಾಕು, ಕೃತಕ ಬುದ್ಧಿಯ ಯಂತ್ರವು ಸ್ವಲ್ಪ ಹೊತ್ತಿನಲ್ಲಿ ಚಿತ್ರವನ್ನು ರಚಿಸಿ ಮುಂದಿಡುತ್ತದೆ. ಅಂತರ್ಜಾಲದ ನಗೆಗಾರರು ಇದನ್ನು ಧಾರಾಳವಾಗಿ ಬಳಸುತ್ತಿದ್ದಾರೆ. ಇದು ಹಾಸ್ಯಕ್ಕೆ ಸಹಾಯಕವೋ ಬಾಧಕವೋ ಎಂಬ ವಾದವು ಕೆಲವು ವರ್ಷಗಳಿಂದ ಬಲವಾಗಿ ನಡೆಯುತ್ತಿದೆ. ಉಭಯಪಕ್ಷಗಳ ಮಾತುಗಳನ್ನೂ ಕೇಳಿ, ಅವುಗಳಲ್ಲಿ ಬಿಟ್ಟುಹೋಗಿರುವ ಒಂದಂಶವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಅಂತರ್ಜಾಲದ ನಗೆಚಿತ್ರಕ್ಕೆ ಮೀಮ್ ಎಂದು ಹೆಸರು. ರಿಚರ್ಡ್ ಡಾಕಿನ್ಸ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞರು ೧೯೭೬ರಲ್ಲಿ ಈ ಶಬ್ದವನ್ನು ಕಟ್ಟಿದರು. ಒಬ್ಬರಿಂದ ಒಬ್ಬರಿಗೆ ಅನುಕರಣದಿಂದ ಹಬ್ಬುವ ಆಚಾರ, ರಾಗ, ನುಡಿ ಮುಂತಾದುವೆಲ್ಲವೂ ಅದರ ಮೊದಲಿನ ಅರ್ಥ. ಈಗಿನ ಅರ್ಥವನ್ನು ತಿಳಿಯಲು ಒಂದು ಪ್ರಸಿದ್ಧ ಉದಾಹರಣೆ ಸಾಕು. ಆಂಟೋನಿಯೋ ಗಿಯೆಮ್ ಎಂಬ ಸ್ಪೇನ್ ದೇಶದ ಛಾಯಾಗ್ರಾಹಕರು ೨೦೧೫ರಲ್ಲಿ ಮಾರಾಟಕ್ಕೆಂದು ಒಂದು ಚಿತ್ರವನ್ನು ತೆಗೆದರು. ತರುಣನೊಬ್ಬನು ತನ್ನ ಪ್ರಿಯೆಯ ಜೊತೆಯಲ್ಲಿ ನಡೆಯುತ್ತಿರುವಾಗಲೇ ದಾರಿಹೋಕಳಾದ ಮತ್ತೊಬ್ಬಳನ್ನು ಹೊರಳಿ ನೋಡುತ್ತಾನೆ. ಪ್ರಿಯೆಯು ಕಣ್ಣರಳಿಸಿ ಅವನನ್ನು ದುರುಗುಟ್ಟುತ್ತಾಳೆ. ೨೦೧೭ರಲ್ಲಿ ಯಾರೋ ಆ ಮೂವರ ಮೇಲೆ ಮೂರು ಹೆಸರುಗಳನ್ನು ಬರೆದರು. ಅಂದಿನಿಂದ ಅದು ಲೋಕವನ್ನೆಲ್ಲ ಸುತ್ತಿತು. ತರುಣನ ಮೇಲೆ ವಿದ್ಯಾರ್ಥಿ ಎಂದೂ, ಪ್ರಿಯೆಯ ಮೇಲೆ ನಾಳೆಯ ಪರೀಕ್ಷೆ ಎಂದೂ, ದಾರಿಹೋಕಳ ಮೇಲೆ ಕ್ರಿಕೆಟ್ಟಿನ ಪಂದ್ಯ ಎಂದೂ ಬರೆದರೆ ವಿವರಣೆಯೇ ಬೇಕಾಗುವುದಿಲ್ಲ. ಚಿತ್ರ ಒಂದೇ, ಅನ್ವಯ ಮಾತ್ರ ನವನವ.

ಹೀಗಾದುದರಿಂದ ಮೀಮು ಹುಟ್ಟಿನಿಂದಲೇ ಎರವಿನ ಕಲೆ. ಎರವೆಂದ ಮಾತ್ರಕ್ಕೆ ಅದು ನಿಂದ್ಯವಲ್ಲ. ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ, ಒಬ್ಬ ಕವಿಯ ಕೃತಿಯು ಮತ್ತೊಬ್ಬನ ಕೃತಿಯನ್ನು ಹೋಲುವ ರೀತಿಗಳನ್ನು ಮೂರಾಗಿ ವಿಭಾಗಿಸುತ್ತಾನೆ. ಕನ್ನಡಿಯ ಪ್ರತಿಬಿಂಬದಂಥ ಹೋಲಿಕೆ ಮೊದಲನೆಯದು. ಅದಕ್ಕೆ ತನ್ನದೆಂಬ ಆತ್ಮವಿಲ್ಲ. ಬರೆದ ಪಟದಂಥ ಹೋಲಿಕೆ ಎರಡನೆಯದು. ಅದರ ಆತ್ಮವು ತುಚ್ಛವಾದುದು. ಒಂದು ದೇಹವು ಮತ್ತೊಂದು ದೇಹವನ್ನು ಹೋಲುವಂಥದು ಮೂರನೆಯದು. ಇದಕ್ಕೆ ತನ್ನದೇ ಆದ ಜೀವವುಂಟು, ಕವಿಯು ಇದನ್ನು ಬಿಡಬೇಕಾಗಿಲ್ಲ. ಚಂದ್ರನನ್ನು ಹೋಲಿತೆಂದು ಸ್ತ್ರೀಯ ಮುಖವು ತನ್ನ ಶೋಭೆಯನ್ನು ಕಳೆದುಕೊಳ್ಳುವುದಿಲ್ಲವಷ್ಟೆ. ಮೇಲೆ ಹೇಳಿದ ಛಾಯಾಚಿತ್ರದ ಮೀಮು ಈ ಮೂರನೆಯ ಜಾತಿಗೆ ಸೇರಿದುದು. ಪಟವು ಪರರದು, ಅದರೊಳಕ್ಕೆ ಹೊಕ್ಕ ಜೀವವು ಹೊಸದು.

ಯಂತ್ರಚಿತ್ರದ ಪಕ್ಷಪಾತಿಗಳು ಇಲ್ಲಿಂದಲೇ ತಮ್ಮ ವಾದವನ್ನು ತೊಡಗುವರು. ಮೀಮುಗಾರರು ಛಾಯಾಗ್ರಾಹಕನ ಅಪ್ಪಣೆಯನ್ನು ಯಾವಾಗ ಕೇಳಿದ್ದರು? ಚಲನಚಿತ್ರದ ತುಣುಕುಗಳನ್ನು ಕತ್ತರಿಸಿ ಅಂಟಿಸುವಾಗ ಕಾಣದ ದೋಷವು ಯಂತ್ರವು ಬರೆದೊಡನೆ ಹೇಗೆ ಕಾಣಿಸಿತು? ಒಳ್ಳೆಯ ನಗೆಯು ಮನಸ್ಸಿನಲ್ಲಿ ಹೊಳೆದರೂ ಗೆರೆಯನ್ನೆಳೆಯಲಾರದವರು ಎಷ್ಟೋ ಮಂದಿ. ಅವರಿಗೆ ಈ ಯಂತ್ರವು ಕೈಯನ್ನು ಕೊಟ್ಟಿದೆ. ಇದರಲ್ಲಿ ಕೇಡೇನು ಎಂದು ಅವರು ಕೇಳುವರು. ಈ ಪ್ರಶ್ನೆಯು ಹಗುರವಾದುದಲ್ಲ.

ವಿರೋಧಿಗಳ ಉತ್ತರವೂ ಹಗುರವಲ್ಲ. ಯಂತ್ರಕ್ಕೆ ಬರೆಯುವ ಶಕ್ತಿಯು ಎಲ್ಲಿಂದ ಬಂದಿತು? ಮನುಷ್ಯರು ಬರೆದ ಚಿತ್ರಗಳಿಂದ. ೨೦೨೨ರಲ್ಲಿ ಪ್ರಕಟವಾದ ಲಯಾನ್ ಎಂಬ ಒಂದು ಸಂಗ್ರಹದಲ್ಲಿಯೇ ಸುಮಾರು ೫೮೫ ಕೋಟಿ ಚಿತ್ರಗಳ ಕೊಂಡಿಗಳೂ ಅವುಗಳ ವಿವರಣೆಗಳೂ ಅಡಕವಾಗಿದ್ದುವು. ಬರೆದವರ ಸಮ್ಮತಿಯನ್ನು ಯಾರೂ ಬೇಡಲಿಲ್ಲ. ೨೦೨೩ರ ಜನವರಿಯಲ್ಲಿ ಅಮೆರಿಕದ ಮೂವರು ಚಿತ್ರಕಾರರು ಇಂಥ ಯಂತ್ರಗಳ ಒಡೆಯರ ಮೇಲೆ ವ್ಯಾಜ್ಯವನ್ನು ಹೂಡಿದರು. ಅವರಲ್ಲಿ ಸಾರಾ ಆಂಡರ್ಸನ್ ಎಂಬವರು ನಿತ್ಯಜೀವನದ ಪೇಚಾಟಗಳನ್ನೇ ನಗೆಚಿತ್ರಗಳಾಗಿ ಬರೆದು ಅಂತರ್ಜಾಲದಲ್ಲಿ ಹೆಸರಾದವರು. ಎಂದರೆ ನಗೆಯಿಂದಲೇ ಜೀವಿಸುವವರು. ಇದಲ್ಲದೆ ಯಂತ್ರಚಿತ್ರಗಳ ಪ್ರವಾಹದಲ್ಲಿ ಒಳ್ಳೆಯದು ಕೆಟ್ಟದ್ದರ ವಿವೇಕವೇ ಕೊಚ್ಚಿಹೋಗುತ್ತಿದೆಯೆಂದೂ ಆ ಪಕ್ಷದವರು ದೂರುವರು. ಇಂಥ ಸರಕಿಗೆ ಆಂಗ್ಲರು ಸ್ಲಾಪ್ ಎನ್ನುತ್ತಾರೆ. ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು ೨೦೨೫ನೆಯ ವರ್ಷದ ಶಬ್ದವೆಂದು ಅದನ್ನೇ ಆರಿಸಿದರು. ನಮ್ಮಲ್ಲಿ ಅದಕ್ಕೆ ಕಲಗಚ್ಚು ಎನ್ನಬಹುದು. ಆದರೆ ಕಲಗಚ್ಚನ್ನು ಕುಡಿದ ಹಸುವು ಹಾಲನ್ನಾದರೂ ಕೊಡುತ್ತದೆ.

ಈ ಎರಡು ಪಕ್ಷಗಳೂ ಚಿತ್ರವು ಹುಟ್ಟಿದ ಬಗೆಯನ್ನು ಕುರಿತು ವಾದಿಸುತ್ತವೆ. ಕಳ್ಳತನವಾಯಿತೋ ಇಲ್ಲವೋ ಎಂಬುದನ್ನು ನ್ಯಾಯಸ್ಥಾನಗಳು ತೀರ್ಮಾನಿಸಲಿ. ವಿಮರ್ಶಕನು ಕೇಳಬೇಕಾದುದು ಬೇರೆ: ಇಲ್ಲಿ ನಗೆಯು ಎಲ್ಲಿಂದ ಹುಟ್ಟಿತು? ವಿಕೃತವಾದ ವೇಷ, ವಿಕೃತವಾದ ಅಲಂಕಾರ, ಅಸಂಬದ್ಧವಾದ ಮಾತು ಮೊದಲಾದುವನ್ನು ಭರತನು ಹಾಸ್ಯದ ವಿಭಾವಗಳಲ್ಲಿ ಎಣಿಸುತ್ತಾನೆ. ಅಭಿನವಗುಪ್ತನು ಇವುಗಳ ಬೇರನ್ನು ಹುಡುಕಿ, ಅನೌಚಿತ್ಯವೇ ಹಾಸ್ಯದ ಮೂಲವೆಂದು ನಿರ್ಣಯಿಸಿದನು. ಇದರಿಂದ ಫಲಿಸುವ ಅರ್ಥವನ್ನು ಗಮನಿಸಬೇಕು. ಔಚಿತ್ಯವನ್ನು ಅರಿಯದವನಿಗೆ ಅನೌಚಿತ್ಯವು ಕಾಣುವುದಿಲ್ಲ. ವಿಕೃತಿಯು ನಗೆಯಾಗಬೇಕಾದರೆ ಅದರ ಹಿಂದೆ ಪ್ರಕೃತಿಯು ನಿಂತಿರಬೇಕು. ಎರಡನ್ನೂ ಒಟ್ಟಿಗೆ ಕಂಡವನೊಬ್ಬನಿರಬೇಕು. ಹಾಸ್ಯದ ಪ್ರಾಣವು ಆ ಕಾಣ್ಕೆಯಲ್ಲಿದೆ. ಗೆರೆಯೂ ಬಣ್ಣವೂ ಅದರ ಉಡುಪು. ಈ ಒರೆಗಲ್ಲಿಗೆ ಕೆಲವು ಪ್ರಸಿದ್ಧವಾದ ಯಂತ್ರಚಿತ್ರಗಳನ್ನು ತಿಕ್ಕಿ ನೋಡೋಣ.

೨೦೨೩ರ ಮಾರ್ಚಿ ತಿಂಗಳಿನಲ್ಲಿ ರೋಮಿನ ಪೋಪ್ ಫ್ರಾನ್ಸಿಸ್ ಅವರು ಉಬ್ಬಿದ ಬೆಳ್ಳನೆಯ ಷೋಕಿ ಅಂಗಿಯನ್ನು ತೊಟ್ಟು ನಡೆಯುತ್ತಿರುವ ಚಿತ್ರವೊಂದು ಹೊರಟಿತು. ಅದು ಮಿಡ್‌ಜರ್ನಿ ಎಂಬ ಯಂತ್ರದಿಂದ ಆದುದು. ಎಂಬತ್ತಾರು ವರ್ಷದ ಧರ್ಮಗುರುವಿಗೆ ತರುಣರ ಷೋಕಿ: ಭರತನು ಹೇಳಿದ ವಿಕೃತವೇಷಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ. ಲಕ್ಷಾಂತರ ಜನರು ಅದನ್ನು ನಿಜವೆಂದು ನಂಬಿ ನಕ್ಕರು. ಯಂತ್ರದ ಚಿತ್ರವೆಂದು ತಿಳಿದ ಮೇಲೆ ಆ ನಗೆಯು ಏನಾಯಿತು? ಪೋಪರು ಹಾಗೆ ಉಡಲೇ ಇಲ್ಲ. ಉಟ್ಟದ್ದನ್ನು ಯಾರೂ ಕಾಣಲೂ ಇಲ್ಲ. ನಗೆಯು ಮೋಸಹೋದವರ ಕಡೆಗೆ ತಿರುಗಿತು. ಇದು ಹಾಸ್ಯವೆನ್ನುವುದಕ್ಕಿಂತ ಇಂದ್ರಜಾಲವೆನ್ನುವುದು ಸರಿ. ಇಂದ್ರಜಾಲದ ಬೆರಗು ಒಂದೇ ಸಲಕ್ಕೆ ತೀರಿಹೋಗುತ್ತದೆ. ಒಳ್ಳೆಯ ವಿನೋದವನ್ನಾದರೋ ನೂರು ಸಲ ನೆನೆದರೂ ನಗೆ ಬರುತ್ತದೆ.

ಹಾಗಾದರೆ ಯಂತ್ರಚಿತ್ರದಲ್ಲಿ ನಿಜವಾದ ಹಾಸ್ಯವು ಎಂದೂ ಹುಟ್ಟಲಿಲ್ಲವೆ? ಹುಟ್ಟಿತು. ಅದನ್ನು ಒಪ್ಪದಿದ್ದರೆ ಅನ್ಯಾಯವಾದೀತು. ೨೦೨೨ರ ಬೇಸಗೆಯಲ್ಲಿ ಡಾಲ್-ಇ ಮಿನಿ ಎಂಬ ಸಣ್ಣ ಯಂತ್ರವೊಂದು ಎಲ್ಲರಿಗೂ ಉಚಿತವಾಗಿ ದೊರೆಯಿತು. ಆಮೇಲೆ ಅದಕ್ಕೆ ಕ್ರೇಯಾನ್ ಎಂದು ಹೆಸರು ಬದಲಾಯಿತು. ಕೇಳಿದ್ದಕ್ಕೆ ಒಂಬತ್ತು ಚಿತ್ರಗಳನ್ನು ಅದು ಒಂದೇ ಚೌಕದಲ್ಲಿ ಕೊಡುತ್ತಿತ್ತು. ಮುಖಗಳು ಕರಗಿದ ಮೇಣದಂತಿರುತ್ತಿದ್ದುವು. ಜನರು ನ್ಯಾಯಸ್ಥಾನದ ಕಟಕಟೆಯಲ್ಲಿ ನಿಂತ ಗಾಡ್‌ಜಿಲ್ಲಾ ಎಂಬಂಥ ಕೋರಿಕೆಗಳನ್ನು ಬರೆದು, ಅದು ತಡವರಿಸುವುದನ್ನು ನೋಡಿ ನಗುತ್ತಿದ್ದರು. ಇಲ್ಲಿ ಎರಡಂಶಗಳು ಸ್ಪಷ್ಟವಾಗಿವೆ. ಊರನ್ನೇ ತುಳಿಯುವ ರಾಕ್ಷಸಪ್ರಾಣಿಯನ್ನು ವಕೀಲರ ನಡುವೆ ನಿಲ್ಲಿಸಿದ ಉಕ್ತಿವೈಚಿತ್ರ್ಯವು ಮನುಷ್ಯನದು. ಗಂಭೀರವಾಗಿ ಉತ್ತರ ಕೊಡಲು ಹೋಗಿ ಮುಗ್ಗರಿಸಿದ ಪಾತ್ರವು ಯಂತ್ರದ್ದು. ನಾಟಕದ ವಿದೂಷಕನ ಸ್ಥಾನದಲ್ಲಿ ಯಂತ್ರವೇ ನಿಂತಿತ್ತು. ಯಂತ್ರವು ಕುಶಲವಾದಂತೆಲ್ಲ ಈ ನಗೆಯು ಬತ್ತಿತು. ಕುಂಟುವುದನ್ನು ಬಿಟ್ಟ ವಿದೂಷಕನಿಗೆ ಉಳಿಯುವುದು ಮಾತಿನ ಬಲವೊಂದೇ; ಮಾತನ್ನು ಕೊಡುವವನು ಕೈಬಿಟ್ಟರೆ ಅವನಿಗೆ ರಂಗದಲ್ಲಿ ಕೆಲಸವಿಲ್ಲ.

ಈ ವಾದಕ್ಕೆ ಕಾವೇರಿಸಿದ ಪ್ರಸಂಗವು ೨೦೨೫ರ ಮಾರ್ಚಿ ೨೫ರಂದು ಮೊದಲಾಯಿತು. ಓಪನ್‌ಏಐ ಸಂಸ್ಥೆಯವರು ತಮ್ಮ ಚಾಟ್‌ಜಿಪಿಟಿಗೆ ಚಿತ್ರ ಬರೆಯುವ ಹೊಸ ಶಕ್ತಿಯನ್ನು ಕೊಟ್ಟರು. ಒಂದೆರಡು ದಿನಗಳಲ್ಲಿಯೇ ಜಪಾನಿನ ಘಿಬ್ಲಿ ಚಿತ್ರಾಲಯದ ಶೈಲಿಯಲ್ಲಿ ತಮ್ಮ ಭಾವಚಿತ್ರಗಳನ್ನು ಬರೆಯಿಸಿಕೊಳ್ಳುವ ಹುಚ್ಚು ಲೋಕವನ್ನೆಲ್ಲ ಹಿಡಿಯಿತು. ಮೊದಲ ಒಂದು ವಾರದಲ್ಲಿ ೧೩ ಕೋಟಿಗೆ ಮಿಕ್ಕಿದ ಜನರು ೭೦ ಕೋಟಿಗೂ ಹೆಚ್ಚು ಚಿತ್ರಗಳನ್ನು ಮಾಡಿಸಿಕೊಂಡರೆಂದು ಸಂಸ್ಥೆಯ ಅಧಿಕಾರಿಗಳೇ ತಿಳಿಸಿದರು. ತಮ್ಮ ವ್ಯವಹಾರವು ಅತಿ ವೇಗದಿಂದ ಬೆಳೆಯುತ್ತಿರುವ ದೇಶವು ಭಾರತವೆಂದೂ ಅದೇ ಹೇಳಿಕೆಯಲ್ಲಿತ್ತು. ಆದುದರಿಂದ ಇದು ಪರದೇಶದ ಗೊಡವೆಯೆಂದು ನಾವು ಸುಮ್ಮನಿರುವಂತಿಲ್ಲ.

ಘಿಬ್ಲಿ ಚಿತ್ರಾಲಯವು ೧೯೮೫ರಲ್ಲಿ ಸ್ಥಾಪಿತವಾದುದು. ಹಯಾವೊ ಮಿಯಾಜಾಕಿ, ಇಸಾವೊ ತಕಾಹಾತ ಎಂಬಿಬ್ಬರು ಅದರ ಪ್ರಧಾನ ನಿರ್ದೇಶಕರು. ಮಿಯಾಜಾಕಿಯವರ ೨೦೧೩ರ ಚಿತ್ರವೊಂದರಲ್ಲಿ ಜನಸಂದಣಿಯ ದೃಶ್ಯವೊಂದು ಬರುತ್ತದೆ. ಪರದೆಯ ಮೇಲೆ ಅದು ನಿಲ್ಲುವುದು ನಾಲ್ಕು ಸೆಕೆಂಡುಗಳ ಕಾಲ. ಅದನ್ನು ಬರೆಯಲು ಒಬ್ಬ ಚಿತ್ರಕಾರರಿಗೆ ಒಂದು ವರ್ಷ ಮೂರು ತಿಂಗಳು ಹಿಡಿಯಿತು. ಗುಂಪಿನಲ್ಲಿರುವ ಒಬ್ಬೊಬ್ಬನೂ ತನ್ನದೇ ಆದ ನಡಿಗೆಯಲ್ಲಿ, ತನ್ನದೇ ಆದ ಗಾಬರಿಯಲ್ಲಿ ಚಲಿಸಬೇಕಾಗಿತ್ತು. ಶೈಲಿಯೆಂದು ನಾವು ಕರೆಯುವುದು ಇಂಥ ನೋಟದ ಕೊನೆಯ ಪದರ. ಯಂತ್ರವು ಆ ಪದರವನ್ನು ಸುಲಿದು ಕೇಳಿದವರಿಗೆಲ್ಲ ಹೊದಿಸಿತು. ಮೇಲೆ ಹೇಳಿದ ಹೊರಳಿನೋಡುವ ತರುಣನ ಛಾಯಾಚಿತ್ರಕ್ಕೂ ಈ ಹೊದಿಕೆ ಬಿದ್ದಿತು. ಹಳೆಯ ನಗೆಯನ್ನೇ ಹೊಸ ಬಣ್ಣದಲ್ಲಿ ನೋಡಿದಂತಾಯಿತು. ಹೊಸ ಅನ್ವಯವಿಲ್ಲ, ಹೊಸ ಕಾಣ್ಕೆಯಿಲ್ಲ. ಆನಂದವರ್ಧನನು ತುಚ್ಛಾತ್ಮವೆಂದ ಎರಡನೆಯ ಜಾತಿಯು ಇದೇ.

ವಿರೋಧಿಗಳಲ್ಲಿ ಅನೇಕರು ಮಿಯಾಜಾಕಿಯವರ ಮಾತೊಂದನ್ನು ಆಯುಧವಾಗಿ ಹಿಡಿದರು. ೨೦೧೬ರಲ್ಲಿ ಜಪಾನಿನ ಪ್ರಸಾರಸಂಸ್ಥೆಯು ತೋರಿಸಿದ ಚಿತ್ರದಲ್ಲಿ ಅವರು ಯಂತ್ರಸೃಷ್ಟಿಯೊಂದನ್ನು ಜೀವಕ್ಕೇ ಮಾಡಿದ ಅವಮಾನವೆಂದು ಹಳಿದಿದ್ದರು. ಆದರೆ ಆ ಮಾತು ಈಗಿನ ಚಿತ್ರಯಂತ್ರಗಳನ್ನು ಕುರಿತದ್ದಲ್ಲ. ತಲೆಯನ್ನೇ ಕಾಲಿನಂತೆ ಊರಿ ತೆವಳುವ ಒಂದು ವಿಕಾರಾಕೃತಿಯನ್ನು ಅವರಿಗೆ ತೋರಿಸಿದ್ದರು. ಅದನ್ನು ನೋಡಿ ಅವರಿಗೆ ಅಂಗವೈಕಲ್ಯದಿಂದ ಕೈಯೆತ್ತಲೂ ಕಷ್ಟಪಡುವ ಗೆಳೆಯರೊಬ್ಬರ ನೆನಪಾಯಿತು. ನೋವನ್ನು ಅರಿಯದವರು ಮಾತ್ರ ಇಂಥದನ್ನು ಮಾಡಬಲ್ಲರೆಂದು ಅವರು ಖಿನ್ನರಾದರು. ಸಂದರ್ಭವನ್ನು ಬಿಟ್ಟು ಮಾತನ್ನು ಮಾತ್ರ ಎತ್ತಿಕೊಂಡವರು ಅದರ ಹೆಚ್ಚಿನ ಬೆಲೆಯನ್ನೇ ಕಳೆದರು. ಅವರ ಆಕ್ಷೇಪವು ಯಂತ್ರಕ್ಕಿಂತ ಮುಖ್ಯವಾಗಿ ಪರರ ವೇದನೆಯನ್ನು ಕಾಣದ ಕಣ್ಣಿನ ಮೇಲೆ.

ಆ ಮಾತಿಗೆ ತಕ್ಕ ನಿದರ್ಶನವು ಇದೇ ಹುಚ್ಚಿನ ನಡುವೆ ಒದಗಿತು. ೨೦೨೫ರ ಮಾರ್ಚಿ ೨೭ರಂದು ಅಮೆರಿಕದ ಅಧ್ಯಕ್ಷರ ಕಾರ್ಯಾಲಯವಾದ ಶ್ವೇತಭವನವು ಘಿಬ್ಲಿಯ ಶೈಲಿಯಲ್ಲಿ ಒಂದು ಚಿತ್ರವನ್ನು ಪ್ರಕಟಿಸಿತು. ವಲಸೆಯ ಇಲಾಖೆಯವರು ಬಂಧಿಸಿದ ಹೆಂಗಸೊಬ್ಬಳು ಅಳುತ್ತಿದ್ದಾಳೆ. ಅಧಿಕಾರಿಯು ಅವಳಿಗೆ ಕೈಕೋಳವನ್ನು ತೊಡಿಸುತ್ತಿದ್ದಾನೆ. ಅವಳು ನಿಜವಾದ ವ್ಯಕ್ತಿ. ಮಾದಕದ್ರವ್ಯದ ಅಪರಾಧಕ್ಕಾಗಿ ಶಿಕ್ಷೆ ಹೊಂದಿದ್ದವಳೆಂದು ಸರ್ಕಾರದವರು ತಿಳಿಸಿದ್ದರು. ಅಪರಾಧಕ್ಕೆ ದಂಡನೆಯು ಯುಕ್ತವೇ. ಅದನ್ನು ವಿಧಿಸುವುದು ರಾಜಧರ್ಮ. ದಂಡಿತಳ ಕಣ್ಣೀರನ್ನು ವಿನೋದಕ್ಕಾಗಿ ಬಣ್ಣಗಟ್ಟಿ ಹಂಚುವುದು ಯಾವ ಧರ್ಮದಲ್ಲಿಯೂ ಸೇರಿಲ್ಲ. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಹಾಸ್ಯಕ್ಕೂ ಕರುಣಕ್ಕೂ ವೈರವನ್ನು ಹೇಳಿದ್ದಾನೆ. ಕರುಣದ ವಿಭಾವವನ್ನು ತಂದು ಹಾಸ್ಯದ ಪೀಠದಲ್ಲಿ ಕೂಡಿಸಿದರೆ ಎರಡು ರಸಗಳೂ ಕೆಡುತ್ತವೆ, ಉಳಿಯುವುದು ಕ್ರೌರ್ಯವೊಂದೇ.

ಘಿಬ್ಲಿಯ ಶೈಲಿಯು ದುಃಖಕ್ಕೆ ಒಗ್ಗದೆಂದು ಯಾರೂ ತಿಳಿಯಬಾರದು. ತಕಾಹಾತರು ೧೯೮೮ರಲ್ಲಿ ಮಿಂಚುಹುಳುಗಳ ಸಮಾಧಿ ಎಂಬರ್ಥದ ಹೆಸರಿನ ಚಿತ್ರವನ್ನು ನಿರ್ದೇಶಿಸಿದರು. ಯುದ್ಧಕಾಲದಲ್ಲಿ ತಾಯಿಯನ್ನು ಕಳೆದುಕೊಂಡ ಅಣ್ಣತಂಗಿಯರು ಹಸಿವಿನಿಂದ ಸಾಯುವುದೇ ಅದರ ಕಥೆ. ಅದೇ ದುಂಡು ಮುಖಗಳು, ಅದೇ ಮೃದುವಾದ ಬಣ್ಣಗಳು. ಆದರೆ ಅಲ್ಲಿ ಪ್ರತಿಯೊಂದು ಗೆರೆಯೂ ಅಳುವವರ ಪಕ್ಕದಲ್ಲಿ ನಿಂತು ಎಳೆದುದು. ಶ್ವೇತಭವನದ ಚಿತ್ರದಲ್ಲಿ ಗೆರೆಯು ಉಳಿಯಿತು, ಪಕ್ಕದಲ್ಲಿ ನಿಂತವನು ಇಲ್ಲವಾದನು. ಆಶ್ಚರ್ಯವೇನೆಂದರೆ, ಅನಂತರ ನಡೆದ ವಾದದ ಬಹುಭಾಗವು ಶೈಲಿಯು ಯಾರ ಸ್ವತ್ತು ಎಂಬುದರ ಸುತ್ತಲೇ ತಿರುಗಿತು. ಶೈಲಿಯ ಮೇಲಿನ ಹಕ್ಕಿಗೆ ವಕೀಲರು ದೊರೆತರು. ಆ ಕಣ್ಣೀರಿನ ಪರವಾಗಿ ಮಾತನಾಡಿದವರು ಕಡಮೆ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಛಾಯಾಚಿತ್ರವು ಹೊಸದಾಗಿ ಬಂದಾಗಲೂ ಪಂಡಿತರು ಹೀಗೆಯೇ ಗೊಣಗಿದರು. ಫ್ರೆಂಚ್ ಕವಿ ಬೋದಿಲೇರ್ ೧೮೫೯ರಲ್ಲಿ ಅದನ್ನು ಕಲೆಯ ಶತ್ರುವೆಂದು ಖಂಡಿಸಿದನು. ಇಂದು ಛಾಯಾಚಿತ್ರವನ್ನು ಕಲೆಯಲ್ಲವೆಂದು ಯಾರು ಹೇಳುವರು? ಯಂತ್ರಚಿತ್ರಕ್ಕೂ ಹಾಗೆಯೇ ಕಾಲವು ಮನ್ನಣೆಯನ್ನು ಕೊಟ್ಟೀತು ಎಂದು. ಸಮಾಧಾನವೇನೆಂದರೆ, ಛಾಯಾಗ್ರಾಹಕನು ವಸ್ತುವಿನ ಎದುರಿಗೆ ಹೋಗಿ ನಿಲ್ಲಲೇಬೇಕು. ಯಾವ ಕ್ಷಣದಲ್ಲಿ, ಯಾವ ಕಡೆಯಿಂದ ಎಂಬುದನ್ನು ಅವನ ಕಣ್ಣು ನಿಶ್ಚಯಿಸುತ್ತದೆ. ಯಂತ್ರಚಿತ್ರವನ್ನು ಬೇಡುವವನು ಯಾವುದರ ಎದುರಿಗೂ ನಿಲ್ಲಬೇಕಾಗಿಲ್ಲ. ನಿಂತು ಬಂದು ಬೇಡಿದರೆ ಅದು ಬೇರೆ ಮಾತು. ಆಗ ಅವನ ಕಾಣ್ಕೆಯು ಮಾತಿನಲ್ಲಿರುತ್ತದೆ, ಚಿತ್ರವು ಆ ಮಾತಿಗೆ ಸೇವೆ ಮಾಡುತ್ತದೆ. ಅಂಥದನ್ನು ನಾವು ಸಂತೋಷದಿಂದ ಒಪ್ಪಬಹುದು.

ಕಾಣ್ಕೆಯೆಂದರೇನೆಂಬುದಕ್ಕೆ ನಮ್ಮವರೇ ಆದ ಆರ್. ಕೆ. ಲಕ್ಷ್ಮಣರನ್ನು ನೆನೆಯೋಣ. ಮೈಸೂರಿನಲ್ಲಿ ೧೯೨೧ರಲ್ಲಿ ಹುಟ್ಟಿ, ರಾಶಿಯವರು ೧೯೪೨ರಲ್ಲಿ ಆರಂಭಿಸಿದ ಕೊರವಂಜಿಯಲ್ಲಿ ಎಳೆಯ ವಯಸ್ಸಿನಲ್ಲಿಯೇ ನಗೆಚಿತ್ರಗಳನ್ನು ಬರೆದವರು ಅವರು. ಮುಂದೆ ಅವರು ಸೃಷ್ಟಿಸಿದ ಚೌಕಳಿ ಅಂಗಿಯ ಸಾಮಾನ್ಯ ಮನುಷ್ಯನು ಅರ್ಧ ಶತಮಾನದ ಕಾಲ ಬಾಯಿಬಿಡದೆ ಮೂಲೆಯಲ್ಲಿ ನಿಂತು ನೋಡಿದನು. ದೊಡ್ಡವರ ಬಡಾಯಿಯೂ ಬಡವನ ಪಾಡೂ ಒಂದೇ ಚೌಕಟ್ಟಿನಲ್ಲಿ ಕಾಣಿಸಿದುದು ಅವನು ಅಲ್ಲಿ ನಿಂತಿದ್ದುದರಿಂದ. ಆ ಗೆರೆಗಳನ್ನು ಯಂತ್ರವು ಇಂದು ಅನುಕರಿಸಬಲ್ಲದು. ಚೌಕಳಿ ಅಂಗಿಯನ್ನು ತಪ್ಪಿಲ್ಲದೆ ಬರೆಯಬಲ್ಲದು. ಆ ಅಂಗಿಯೊಳಗಿನ ಸಾಕ್ಷಿಯನ್ನು ಕರೆತರಬೇಕಾದವರು ಮನುಷ್ಯರೇ.

ಆದಕಾರಣ ಯಂತ್ರಚಿತ್ರವನ್ನು ಮನೆಯೊಳಗೆ ಸೇರಿಸಬಾರದೆಂಬ ಮಡಿಯೂ ಬೇಡ, ಬಂದುದನ್ನೆಲ್ಲ ಮುಂದಕ್ಕೆ ಕಳುಹಿಸುವ ಉದಾರತೆಯೂ ಬೇಡ. ಮನೆಯ ಮಕ್ಕಳು ದೂರವಾಣಿಯಲ್ಲಿ ಇಂಥ ಚಿತ್ರವನ್ನು ತೋರಿಸಿದಾಗ ಹಿರಿಯರು ಗದರಿಸುವುದರಿಂದ ಫಲವಿಲ್ಲ. ಇದರಲ್ಲಿ ನಗತಕ್ಕದ್ದು ಯಾವುದು, ಅದನ್ನು ಮೊದಲು ಕಂಡವರು ಯಾರು, ಎಂದು ಕೇಳಿದರೆ ಸಾಕು. ನ್ಯಾಯಸ್ಥಾನದಲ್ಲಿ ನಿಂತ ಗಾಡ್‌ಜಿಲ್ಲಾನ ವಿಷಯದಲ್ಲಿ ಮಗುವು ಥಟ್ಟನೆ ಉತ್ತರವನ್ನು ಹೇಳಿ ಮತ್ತೊಮ್ಮೆ ನಗುತ್ತದೆ. ಪೋಪರ ಅಂಗಿಯ ವಿಷಯದಲ್ಲಿ ಸ್ವಲ್ಪ ತಡವರಿಸೀತು. ಮೂರನೆಯ ಚಿತ್ರಕ್ಕೆ ಬಂದಾಗ, ಇದರಲ್ಲಿ ಒಬ್ಬ ಹೆಂಗಸು ಅಳುತ್ತಿದ್ದಾಳೆ ಎಂದು ಹೇಳಿ ಸುಮ್ಮನಾಗುತ್ತದೆ. ಹಾಗೆ ಸುಮ್ಮನಾಗಬಲ್ಲ ಮಕ್ಕಳು ಇರುವ ಮನೆಗಳಲ್ಲಿ ಹಾಸ್ಯರಸಕ್ಕೆ ಯಾವ ಯಂತ್ರದಿಂದಲೂ ಕೇಡು ತಟ್ಟಲಾರದು.